ಊರು ಆಮೇಲೆ, ಚಿಕಿತ್ಸೆ ಮೊದಲು

ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಅಳು ನಿಲ್ಲುವ ಮೊದಲೇ ಏಳುವ ಪ್ರಶ್ನೆ ಒಂದೇ: ಎಲ್ಲಿಗೆ ಕರಕೊಂಡು ಹೋಗೂದು?

ನಮ್ಮಕ್ಕನಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟು ಬಂದಾಗ ಬ್ಯಾಡಗಿಯ ನಮ್ಮ ಮನೆಗೆ ಬಂದವರೆಲ್ಲ ಒಂದೊಂದು ಊರಿನ ಹೆಸರು ಹೇಳಿದರು. ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ, ಮಣಿಪಾಲ, ಹುಬ್ಬಳ್ಳಿ. ಮಲೆನಾಡಿನ ಕಡೆ ಮರದ ತೊಗಟೆಯ ಔಷಧಿ ಕೊಡುತ್ತಾರೆ, ಒಂದು ತಿಂಗಳು ಅದನ್ನು ನೋಡಿ ಎಂದರು ಒಬ್ಬರು. ಮಾವ ಹೊಲ ಮಾರಿಯಾದರೂ ಮುಂಬಯಿಗೇ ಹೋಗುವುದು ಎಂದು ಪಟ್ಟು ಹಿಡಿದರು. ಎಲ್ಲರದೂ ಪ್ರೀತಿಯ ಮಾತೇ. ಆದರೆ ಅಕ್ಕನಿಗೆ ಬೇಕಾದ ಚಿಕಿತ್ಸೆ ಯಾವುದು ಎಂಬುದು ಆವತ್ತು ಆ ಪಡಸಾಲೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಅದು ಗೊತ್ತಾಗಿದ್ದು ಹುಬ್ಬಳ್ಳಿಯ ಕ್ಯಾನ್ಸರ್ ಡಾಕ್ಟರು ಪರೀಕ್ಷೆ ಮಾಡಿ, ಎಂಆರ್‌ಐ ನೋಡಿದ ಮೇಲೆ. ಗಡ್ಡೆ ಗರ್ಭಕಂಠ ದಾಟಿ ಪಕ್ಕದ ಅಂಗಾಂಶಕ್ಕೆ ಹಬ್ಬಿತ್ತು. 2ಬಿ ಹಂತ. ಈ ಹಂತದಲ್ಲಿ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ನಮ್ಮ ಜನ ‘ಕರೆಂಟು ಕೊಡೂದು’ ಅನ್ನುತ್ತಾರಲ್ಲ, ಆ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ಕೊಡುತ್ತಾರೆ. ದಿನಾ ಮೇಜಿನ ಮೇಲೆ ಮಲಗುವುದು ಕೆಲವೇ ನಿಮಿಷ. ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕೀಮೋ. ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್, ಅದಕ್ಕೆ ಬ್ರಾಕಿಥೆರಪಿ ಎನ್ನುತ್ತಾರೆ. ಇದೆಲ್ಲ ಎಂಟು ವಾರದೊಳಗೆ ಮುಗಿಯಬೇಕು. ನಡುನಡುವೆ ತಪ್ಪಿ ದಿನ ಎಳೆದಷ್ಟೂ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.

“ಯಾವ ಊರು ಅನ್ನೂದು ಆಮ್ಯಾಲ ನೋಡೂಣ್ರಿ. ಎಂಟು ವಾರ ಒಂದಿನಾನೂ ತಪ್ಪಿಸದಂಗ ಎಲ್ಲಿ ಬರಾಕ ಆಗತೈತಿ, ಅದನ್ನ ಮೊದಲ ಹೇಳ್ರಿ” ಎಂದರು ಡಾಕ್ಟರು.

ಇಡೀ ಲೆಕ್ಕ ಅಲ್ಲಿ ತಿರುಗಿತು. ಅಷ್ಟರವರೆಗೆ ಹತ್ತಿರದ ಆಸ್ಪತ್ರೆ ಎಂದರೆ ಬರೀ ಅನುಕೂಲದ ಮಾತು ಎಂದು ಎಲ್ಲರೂ ತಿಳಿದಿದ್ದರು. ರೇಡಿಯೇಷನ್ ವಿಷಯದಲ್ಲಿ ಹತ್ತಿರ ಇರುವುದು ಚಿಕಿತ್ಸೆಯದೇ ಒಂದು ಭಾಗ. ಹುಬ್ಬಳ್ಳಿಯಲ್ಲಿ ಚಿಕ್ಕವ್ವನ ಮನೆ ಇತ್ತು, ಹೊತ್ತಿಗೆ ಸರಿಯಾಗಿ ಮೆತ್ತನ್ನ ಊಟ ಸಿಗುತ್ತಿತ್ತು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ; ವಾರದ ಕೊನೆಗೆ ನಾನು ಹೋಗಿ ಬರುವುದಕ್ಕೆ ಖರ್ಚೇ ಇರಲಿಲ್ಲ. ಅಕ್ಕನ ಮಾತು ಇನ್ನೂ ನೇರ: “ಮುಂಬಯ್ಯಾಗ ನನಗ ಭಾಷಾ ಬರೂದಿಲ್ಲ. ಎಲ್ಲಿ ನೋಯತೈತಿ ಅಂತ ನಾನ ಹೇಳಬೇಕಲ್ಲ?” ಹೆಣ್ಣುಮಕ್ಕಳ ಈ ಕಾಯಿಲೆಯಲ್ಲಿ ಗಂಡನೋ ಮಗನೋ ನಡುವೆ ನಿಂತು ಅನುವಾದ ಮಾಡಬೇಕಾದರೆ ಅರ್ಧ ಮಾತು ಬಾಯಿಗೇ ಬರುವುದಿಲ್ಲ.

ಹಾಗೆಂದು ಹತ್ತಿರ ಇದ್ದುದೆಲ್ಲ ಸರಿ ಎನ್ನುತ್ತಿಲ್ಲ. ಹೊರಗಿನ ರೇಡಿಯೇಷನ್ ಯಂತ್ರವಿದ್ದು ಬ್ರಾಕಿಥೆರಪಿ ಇಲ್ಲದ ಕಡೆಯೂ ಉಂಟು. ಅಂಥಲ್ಲಿ ಶುರುಮಾಡಿದರೆ ನಡುವೆ ಬೇರೆ ಊರು ಹುಡುಕಬೇಕು, ಅಲ್ಲಿಯ ಪಾಳಿಗೆ ಕಾಯಬೇಕು. ಅದಕ್ಕೇ ಮೊದಲೇ ಕೇಳಿದೆವು: ಎರಡೂ ಇಲ್ಲೇ ಆಗುತ್ತದೆಯೇ, ಯಾವ ದಿನ ಶುರು, ಯಂತ್ರ ಕೆಟ್ಟರೆ ಏನು ವ್ಯವಸ್ಥೆ, ಹಿಮೋಗ್ಲೋಬಿನ್ ಇಳಿದರೆ ರಕ್ತ ಸಿಗುತ್ತದೆಯೇ. ಸರ್ಜರಿ, ಕೀಮೋ, ರೇಡಿಯೇಷನ್ ಡಾಕ್ಟರುಗಳು ಒಟ್ಟಿಗೆ ಕೂತು ರೋಗಿಯ ಕೇಸು ನೋಡುತ್ತಾರೆಯೇ ಎಂದೂ ಕೇಳಿದೆವು. ಇಂಥ ಕೂಟಕ್ಕೆ ಟ್ಯೂಮರ್ ಬೋರ್ಡ್ ಎನ್ನುತ್ತಾರೆ. ಈ ಪ್ರಶ್ನೆಗಳಿಗೆ ಬೇಸರಪಡುವ ಆಸ್ಪತ್ರೆ ನನಗೆ ಬೇಡ.

ಮಾವನ ಮನಸ್ಸು ಮಾತ್ರ ಒಪ್ಪಿರಲಿಲ್ಲ. ಅವರು ಪೆಥಾಲಜಿಯ ಸ್ಲೈಡು, ಬ್ಲಾಕು, ಎಂಆರ್‌ಐ ಸಿ.ಡಿ. ಎಲ್ಲ ಕಟ್ಟಿಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಬಂದರು. ಅಲ್ಲಿ ಬರೆದುಕೊಟ್ಟ ಚಿಕಿತ್ಸೆ ಹುಬ್ಬಳ್ಳಿಯಲ್ಲಿ ಹೇಳಿದ್ದೇ ಆಗಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. 1941ರಲ್ಲಿ ಶುರುವಾದ ಟಾಟಾ ಸ್ಮಾರಕ ಆಸ್ಪತ್ರೆಯ ಮುಂದಾಳತ್ವದಲ್ಲಿ 2012ರಲ್ಲಿ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಜಾಲ ಹುಟ್ಟಿತು. ಯಾವ ಕ್ಯಾನ್ಸರಿಗೆ ಯಾವ ಚಿಕಿತ್ಸೆ ಎಂಬ ಮಾರ್ಗಸೂಚಿಯನ್ನು ಅದು ದೇಶದ ನೂರಾರು ಆಸ್ಪತ್ರೆಗಳಿಗೆ ಕೊಟ್ಟಿದೆ. ಸಲಹೆ ದೂರದಲ್ಲಿ ಪಡೆದು ಚಿಕಿತ್ಸೆಯನ್ನು ಹತ್ತಿರದಲ್ಲಿ ತೆಗೆದುಕೊಳ್ಳಬಹುದು. ಇಷ್ಟು ಗೊತ್ತಿಲ್ಲದೆ ಎಷ್ಟು ಹೊಲಗಳು ಮಾರಿಹೋಗಿವೆಯೋ!

ದೂರ ಹೋಗಲೇಬೇಕಾದ ಕಾಯಿಲೆಗಳೂ ಇವೆ. ಮಕ್ಕಳ ರಕ್ತದ ಕ್ಯಾನ್ಸರ್, ಮೂಳೆಯ ಕ್ಯಾನ್ಸರ್, ಅಸ್ಥಿಮಜ್ಜೆಯ ಕಸಿ, ಅನ್ನನಾಳ ಅಥವಾ ಮೇದೋಜೀರಕ ಗ್ರಂಥಿಯ ಆಪರೇಷನ್. ಇವುಗಳಲ್ಲಿ ಕೈ ಪಳಗಿದ ತಂಡವೇ ಬೇಕು. “ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡ್ತೀರಿ?” ಎಂದು ಕೇಳಿದರೆ ಡಾಕ್ಟರಿಗೆ ಅವಮಾನವಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿಯಂಥ ಸಂಸ್ಥೆಗಳು ಇರುವುದೇ ಇದಕ್ಕೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಉಂಟು. ಆಸ್ಪತ್ರೆಯಿಂದ ಅದರ ಫಾರ್ಮು ಬರೆಸಿಕೊಳ್ಳಬೇಕು.

ದುಡ್ಡಿನ ಮಾತು. ಅಕ್ಕನದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದವರೆಗೆ ನೆರವು ಸಿಗುತ್ತದೆ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರು ಕೂತಿರುತ್ತಾರೆ. ಚಿಕಿತ್ಸೆ ಶುರುವಾಗುವ ಮೊದಲೇ ಅವರನ್ನು ಕಂಡು, ಯಾವುದು ಪ್ಯಾಕೇಜಿನಲ್ಲಿದೆ, ಯಾವುದು ಕೈಯಿಂದ ಹೋಗುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಕೇಳಿಬಿಡಬೇಕು. ಆಮೇಲೆ ಕಾಗದ ತರಲು ಓಡಿದರೆ ಎಂಟು ವಾರದ ಲೆಕ್ಕಕ್ಕೇ ಏಟು.

ಚಿಕಿತ್ಸೆ ಮುಗಿದರೂ ಆಸ್ಪತ್ರೆಯ ನಂಟು ಮುಗಿಯುವುದಿಲ್ಲ. ಮೊದಲೆರಡು ವರ್ಷ ಮೂರು–ಆರು ತಿಂಗಳಿಗೊಮ್ಮೆ ತಪಾಸಣೆ. ರೇಡಿಯೇಷನ್ನಿನ ಕೆಲವು ತೊಂದರೆಗಳು ತಿಂಗಳುಗಳು, ವರ್ಷಗಳು ಕಳೆದ ಮೇಲೂ ಕಾಣಿಸಿಕೊಳ್ಳಬಹುದು: ಮಲದಲ್ಲಿ ರಕ್ತ, ಉರಿಮೂತ್ರ. ಆಗ ತೋರಿಸಲು ಸುಲಭವಾಗಿ ಹೋಗಿಬರುವ ಜಾಗ ಇರಬೇಕು. ಒಟ್ಟು ಎಷ್ಟು ಡೋಸು, ಯಾವ ಜಾಗಕ್ಕೆ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದ ಸಾರಾಂಶವನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಒಂದು ಪ್ರತಿ ಅಕ್ಕನ ಹತ್ತಿರ, ಇನ್ನೊಂದು ನನ್ನ ಹತ್ತಿರ ಇಟ್ಟಿದ್ದೇವೆ. ಮುಂದೆ ಯಾವ ಊರಿನ ಡಾಕ್ಟರಿಗೆ ತೋರಿಸಿದರೂ ಅವರು ಮೊದಲು ಕೇಳುವ ಕಾಗದ ಅದು.