ಟರ್ಬೊ ಕಾರಿಗೆ ಡೆಲ್ಕೋ ಕೂರಿಸಬಹುದೇ?

ಟರ್ಬೊ ಕಾರು ಮಿಸ್ಸಿಂಗ್ ಹೊಡೆಯಲು ಶುರುವಾಗಿ, ಕಾಯಿಲ್ ಪ್ಯಾಕ್ ಬದಲಿಸಿ ಬದಲಿಸಿ ಸಾಕಾದ ಹುಡುಗರು ನನ್ನ ಅಂಗಡಿಗೆ ಬಂದು ಕೇಳುವುದು ಒಂದೇ ಮಾತು: “ಸಾರ್, ಇದನ್ನೆಲ್ಲ ಕಿತ್ತುಹಾಕಿ ಹಳೇ ಡೆಲ್ಕೋ ಕೂರಿಸಿಬಿಟ್ರೆ?” ಅಂಬಾಸಿಡರ್, ಪದ್ಮಿನಿಗಳ ಪಾಯಿಂಟ್ ಉಜ್ಜುತ್ತಾ ಕೆಲಸ ಕಲಿತವನು ನಾನು. ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್; ಅದರ ಮೇಲೆ ಪ್ರೀತಿ ಇಲ್ಲದೆ ಇಲ್ಲ. ಆದರೂ ತಟ್ಟನೆ ಹೂಂ ಅನ್ನುವುದಿಲ್ಲ, ಮೊದಲು ಲೆಕ್ಕ ಹೇಳುತ್ತೇನೆ.

ಡಿಸ್ಟ್ರಿಬ್ಯೂಟರ್ ಇರುವ ಕಾರಿನಲ್ಲಿ ಕಾಯಿಲ್ ಒಂದೇ. ಕ್ಯಾಪ್ ಒಳಗೆ ತಿರುಗುವ ರೋಟರ್ ಆ ಕರೆಂಟನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೂ ಹಂಚುತ್ತದೆ. 1910ರ ಆಸುಪಾಸಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ ಬ್ಯಾಟರಿ ಇಗ್ನಿಷನ್ ಇದಕ್ಕೆಲ್ಲ ಮೂಲ. ಕಾಯಿಲ್ ಪ್ಯಾಕಿನಲ್ಲಿ ಎರಡು ಪ್ಲಗ್ಗಿಗೆ ಒಂದು ಕಾಯಿಲ್. ಈಗಿನ ಕಾರುಗಳಲ್ಲಿ ಪ್ಲಗ್ಗಿಗೊಂದು. ಇಡೀ ಪಂಕ್ತಿಗೆ ಒಬ್ಬನೇ ಬಡಿಸುವುದಕ್ಕೂ ಎಲೆಗೊಬ್ಬ ನಿಂತು ಬಡಿಸುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಆರು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಓಡುತ್ತಿದೆ ಅನ್ನಿ. ಸಿಲಿಂಡರ್ ಒಂದಕ್ಕೆ ನಿಮಿಷಕ್ಕೆ 3000 ಕಿಡಿ, ಒಟ್ಟು 18,000. ಅಂದರೆ ಸೆಕೆಂಡಿಗೆ 300. ಒಂದೇ ಕಾಯಿಲ್ ಇದ್ದರೆ ಕಿಡಿಯಿಂದ ಕಿಡಿಗೆ ಅದಕ್ಕೆ ಸಿಗುವುದು ಬರೀ 3.3 ಮಿಲಿಸೆಕೆಂಡ್. ಅಷ್ಟರಲ್ಲೇ ಖಾಲಿಯಾಗಬೇಕು, ಮತ್ತೆ ತುಂಬಿಕೊಳ್ಳಬೇಕು. ಮೂರು ಕಾಯಿಲ್ ಇದ್ದರೆ ಒಂದೊಂದಕ್ಕೂ 10 ಮಿಲಿಸೆಕೆಂಡ್ ಬಿಡುವು. ಇನ್ನು ಟರ್ಬೊ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದೆ. ದಟ್ಟವಾದ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸುಮ್ಮನೆ ನಿಂತಾಗ ಚೆನ್ನಾಗಿಯೇ ಇರುವ ಗಾಡಿ ಬೂಸ್ಟ್ ಏರಿದಾಗ ಮಾತ್ರ ತಡವರಿಸುವುದು ಇದೇ ಕಾರಣಕ್ಕೆ.

ಹಾಗಾದರೆ ಡ್ರ್ಯಾಗ್ ರೇಸಿನವರು ಡಿಸ್ಟ್ರಿಬ್ಯೂಟರ್ ಹಾಕುವುದೇಕೆ? ಅವರ ಹತ್ತಿರ ಸಿಡಿಐ ಬಾಕ್ಸ್ ಇರುತ್ತದೆ. ಅದರೊಳಗಿನ ಕೆಪಾಸಿಟರ್ ಮೊದಲೇ ನಾನೂರು ಐನೂರು ವೋಲ್ಟ್ ತುಂಬಿಟ್ಟುಕೊಂಡು ಒಂದೇ ಸಲಕ್ಕೆ ಕಾಯಿಲಿಗೆ ಸುರಿಯುತ್ತದೆ. ಕಾಯಿಲ್ ನಿಧಾನವಾಗಿ ತುಂಬಿಕೊಳ್ಳಬೇಕೆಂಬ ತಾಪತ್ರಯವೇ ಇಲ್ಲ. ಒಂದು ಬಾಕ್ಸ್, ಒಂದು ದೊಡ್ಡ ಕಾಯಿಲ್, ಒಂದು ಕ್ಯಾಪ್: ಕೆಟ್ಟರೆ ಏನು ಕೆಟ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ.

ಇಂಥ ಬದಲಾವಣೆಗೆ ಒಗ್ಗುವ ಎಂಜಿನ್ ಅಂದರೆ ಅಮೆರಿಕದ ಬ್ಯೂಕ್ 3.8 ಲೀಟರ್ ಟರ್ಬೊ ವಿ6. 1978ರಲ್ಲಿ ಅದು ಬಂದಾಗ ಡಿಸ್ಟ್ರಿಬ್ಯೂಟರ್ ಇತ್ತು. 1984ರಲ್ಲಿ ಕಾಯಿಲ್ ಪ್ಯಾಕ್ ಬಂತು; 1987ರ ಗ್ರ್ಯಾಂಡ್ ನ್ಯಾಷನಲ್ ವರೆಗೂ ಅದೇ. ಆದರೆ ಡಿಸ್ಟ್ರಿಬ್ಯೂಟರ್ ಇದ್ದ ತೂತು ಹಾಗೇ ಉಳಿದು, ಅಲ್ಲಿ ಕ್ಯಾಮ್ ಸೆನ್ಸರ್ ಕೂತಿತು. ಆಯಿಲ್ ಪಂಪನ್ನು ತಿರುಗಿಸುವುದೂ ಅದರ ಶಾಫ್ಟೇ. ಹಾಗಾಗಿ ಅಲ್ಲಿ ಜಾಗ ಹುಡುಕುವ ಕಷ್ಟವಿಲ್ಲ. ಆದರೆ ಸೆನ್ಸರ್ ತೆಗೆದರೆ ಇಂಜೆಕ್ಟರಿಗೆ ಬೇಕಾದ ಸಿಗ್ನಲ್ ಕೂಡ ಹೋಗುತ್ತದೆ. ಅದನ್ನು ಬೇರೆ ಕಡೆಯಿಂದ ಕೊಡಬೇಕು. ನಮ್ಮ ಈಗಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಆ ತೂತೂ ಇಲ್ಲ, ಗೇರೂ ಇಲ್ಲ. ಕ್ಯಾಮ್ ತುದಿಗೆ ಲೇತಿನಲ್ಲಿ ಅಡಾಪ್ಟರ್ ಕಡೆಸಬೇಕು. ಇಷ್ಟು ಮಾಡಿದ ಮೇಲೂ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತನ್ನ ಕಾಯಿಲ್ ಎಲ್ಲಿ ಎಂದು ಹುಡುಕಿ ಚೆಕ್ ಎಂಜಿನ್ ಲೈಟ್ ಹಚ್ಚುತ್ತದೆ.

ನಾಜೂಕಿನ ಕೆಲಸ ಇರುವುದು ರೋಟರಿನಲ್ಲಿ. ಟೈಮಿಂಗ್ ಅನ್ನು ಇಸಿಯುವೇ ನೋಡಿಕೊಳ್ಳುವುದರಿಂದ ಡಿಸ್ಟ್ರಿಬ್ಯೂಟರಿನೊಳಗಿನ ಅಡ್ವಾನ್ಸ್ ತೂಕಗಳನ್ನು ಅಲುಗಾಡದಂತೆ ಲಾಕ್ ಮಾಡಬೇಕು. ಟೈಮಿಂಗ್ 10 ಡಿಗ್ರಿಯಿಂದ 30ಕ್ಕೆ ಹೋದರೆ ರೋಟರಿನಲ್ಲಿ ಅದು 10 ಡಿಗ್ರಿ ವ್ಯತ್ಯಾಸ, ಏಕೆಂದರೆ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಆ ಇಡೀ ವ್ಯಾಪ್ತಿಯಲ್ಲಿ ರೋಟರಿನ ತುದಿ ಟರ್ಮಿನಲ್ ಎದುರಿಗೇ ಇರಬೇಕು. ಪರೀಕ್ಷೆ ಸುಲಭ. ಹಳೆಯ ಕ್ಯಾಪಿಗೆ ಒಂದನೇ ಟರ್ಮಿನಲ್ ಪಕ್ಕ ತೂತು ಕೊರೆದು, ಎಂಜಿನ್ ಓಡಿಸಿ, ಟೈಮಿಂಗ್ ಲೈಟ್ ಬಿಟ್ಟು ಇಣುಕಿ ನೋಡಿ. ರೋಟರ್ ನಿಂತಂತೆ ಕಾಣುತ್ತದೆ. ತುದಿ ಸರಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸರಿದ ರೋಟರಿನಿಂದ ಬೂಸ್ಟಿನಲ್ಲಿ ಕಿಡಿ ಪಕ್ಕದ ಟರ್ಮಿನಲ್ಲಿಗೆ ಹಾರಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಬೇರೆ ಸಿಲಿಂಡರ್ ಉರಿದು ಪಿಸ್ಟನ್ನೇ ಒಡೆದೀತು. ಮಳೆಗಾಲದ ತೇವ ಕ್ಯಾಪಿನೊಳಗೆ ಸೇರಿದರೆ ಕೂದಲೆಳೆಯಂಥ ಕರಿ ಗೆರೆ ಬೀಳುತ್ತದೆ, ಕರೆಂಟ್ ಆ ಗೆರೆ ಹಿಡಿದೇ ಸೋರುತ್ತದೆ.

ಅದಕ್ಕೇ ನನ್ನ ಹತ್ತಿರ ಬಂದವರಿಗೆ ಮೊದಲು ಪ್ಲಗ್ ಬಿಚ್ಚಿಸುತ್ತೇನೆ. ಬೂಸ್ಟ್ ಹೆಚ್ಚಿಸಿಕೊಂಡ ಕಾರಿನಲ್ಲಿ 1.1 ಮಿಲಿಮೀಟರ್ ಗ್ಯಾಪ್ ಇದ್ದರೆ 0.7ರ ಹತ್ತಿರಕ್ಕೆ ಇಳಿಸಿ ನೋಡುತ್ತೇನೆ. ಕಾಯಿಲಿನ ರಬ್ಬರ್ ಬೂಟ್ ಸೀಳಿದೆಯೇ, ಅರ್ತ್ ವೈರ್ ಬಿಗಿಯಾಗಿದೆಯೇ, ಎಂಜಿನ್ ಓಡುವಾಗ ಕನೆಕ್ಟರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಬರುತ್ತಿದೆಯೇ ಎಂದು ಮೀಟರ್ ಹಿಡಿಯುತ್ತೇನೆ. ಬಹಳ ಸಲ ಕಾಯಿಲೆ ಸಿಗುವುದು ಇಲ್ಲೇ.

ರೇಸಿಗೆಂದೇ ಮೀಸಲಾದ ಗಾಡಿ, ಡಿಸ್ಟ್ರಿಬ್ಯೂಟರಿಗೆ ಜಾಗವಿರುವ ಎಂಜಿನ್, ಕೈಯಲ್ಲಿ ಸಿಡಿಐ ಬಾಕ್ಸ್, ಜೊತೆಗೆ ಇಸಿಯು ಟ್ಯೂನ್ ಮಾಡಬಲ್ಲವರು: ಇವು ನಾಲ್ಕೂ ಇದ್ದರೆ ಧಾರಾಳವಾಗಿ ಹಾಕಿಸಿ. ದಿನಾ ಆಫೀಸಿಗೆ ಓಡಿಸುವ ಕಾರಾದರೆ ಆ ದುಡ್ಡಿನಲ್ಲಿ ಒಳ್ಳೆಯ ಕಾಯಿಲ್, ಹೊಸ ಪ್ಲಗ್ ಹಾಕಿಸಿಕೊಂಡು ಹೋಗಿ. ಉಳಿದದ್ದರಲ್ಲಿ ವೈರಿಂಗ್ ಸರಿಮಾಡಿಸಿ.