ಪ್ರತಿ ರೋಗಿಗೂ ಬೇರೆಯದೇ ಔಷಧ

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿಗೆ ಕಾರ್-ಟಿ ಚಿಕಿತ್ಸೆ ಕೊಟ್ಟಾಗ, ಕೀಮೋಥೆರಪಿಗೆ ಬಗ್ಗದಿದ್ದ ಅವಳ ರಕ್ತದ ಕ್ಯಾನ್ಸರ್ ವಾಸಿಯಾಯಿತು. 2017ರಲ್ಲಿ ಅದಕ್ಕೆ ಅಲ್ಲಿ ಅನುಮತಿ ಸಿಕ್ಕಿತು; ಆಗಿನ ಬೆಲೆ 4,75,000 ಡಾಲರ್. ಇಷ್ಟು ಬೆಲೆಗೆ ತಯಾರಿಕಾ ಕಂಪನಿಯ ಲಾಭಕೋರತನವೊಂದೇ ಕಾರಣ ಎಂದರೆ ಅರ್ಧ ಸತ್ಯವಷ್ಟೇ. ರೋಗಿಯ ರಕ್ತದಿಂದಲೇ, ರೋಗದೊಡನೆ ಹೋರಾಡುವ ಟಿ ಕೋಶಗಳನ್ನು ಬೇರ್ಪಡಿಸಿ, ಹಾನಿ ಮಾಡದಂತೆ ಮಾರ್ಪಡಿಸಿದ ವೈರಸ್ ಮೂಲಕ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವಂತೆ ಮಾಡಿ, ಬೆಳೆಸಿ, ಪರೀಕ್ಷಿಸಿ ಅದೇ ರೋಗಿಗೆ ಮರಳಿ ಕೊಡಬೇಕು. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಬಾರದು. ಇದಕ್ಕೆ ವಾರಗಳೇ ಹಿಡಿಯುತ್ತವೆ, ರೋಗ ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ. ಹಾಗಾಗಿ ಔಷಧ ಎಲ್ಲಿ ತಯಾರಾಗುತ್ತದೆ ಎಂಬುದೇ ಅದು ಯಾರಿಗೆ ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಭಾರತದ ಅನುಭವ ಇದಕ್ಕೆ ಸಾಕ್ಷಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ಆಗ ಅದರ ಬೆಲೆ ಅಮೆರಿಕದ ಬೆಲೆಯ ಸುಮಾರು ಹತ್ತನೇ ಒಂದು ಭಾಗವಿತ್ತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಎಂಬ ಇಂಥದ್ದೇ ಚಿಕಿತ್ಸೆ ಬಂತು. ಅಗ್ಗವಾದದ್ದು ಕಳಪೆಯಲ್ಲವೇ ಎಂಬ ಅನುಮಾನ ಸಹಜ. ಆದರೆ 2025ರಲ್ಲಿ ‘ಲ್ಯಾನ್ಸೆಟ್ ಹೆಮಟಾಲಜಿ’ಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೆಕ್ಸ್‌ಕಾರ್19ಗೆ ಸುಮಾರು ಶೇ 73ರಷ್ಟು ರೋಗಿಗಳು ಸ್ಪಂದಿಸಿದ್ದರು. ಪ್ರಯೋಗಕ್ಕೆ ಒಳಪಟ್ಟವರು ನೂರಕ್ಕೂ ಕಡಿಮೆ ಎಂಬುದನ್ನು ಮರೆಯಬಾರದು. ಈ ಬಗೆಯ ಚಿಕಿತ್ಸೆಗಳಿಂದ ಹೊಸದಾಗಿ ಟಿ ಕೋಶದ ಕ್ಯಾನ್ಸರ್ ಬರಬಹುದೆಂದು ಎಚ್ಚರಿಸುವಂತೆ 2024ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆಯೇ ಕಂಪನಿಗಳಿಗೆ ಹೇಳಿದೆ. ಚಿಕಿತ್ಸೆ ಪಡೆದವರನ್ನು ಹಲವು ವರ್ಷ ಗಮನಿಸುತ್ತಿರುವ ಖರ್ಚನ್ನು ಮಾತ್ರ ಎಲ್ಲಿಯೂ ಉಳಿಸಕೂಡದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇದೇ ಹಣದಲ್ಲಿ ಬಾಯಿಯ, ಗರ್ಭಕಂಠದ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚಿದರೆ ಹೆಚ್ಚು ಜೀವ ಉಳಿಯುವುದಿಲ್ಲವೇ? ಉಳಿಯುತ್ತವೆ, ಆ ಕೆಲಸ ಮೊದಲು ಆಗಬೇಕು. ಕಾರ್-ಟಿ ಈವರೆಗೆ ಗೆದ್ದಿರುವುದು ಮುಖ್ಯವಾಗಿ ರಕ್ತದ ಕ್ಯಾನ್ಸರ್‌ಗಳಲ್ಲಿ. ಗಡ್ಡೆಗಳ ಮುಂದೆ ಇನ್ನೂ ತಿಣುಕುತ್ತಿದೆ. ಆದರೆ ನಾಳೆ ಗಡ್ಡೆಗಳಿಗೂ ದಾರಿ ಸಿಕ್ಕಾಗ ಬೇಕಾಗುವುದು ಇದೇ ಪ್ರಯೋಗಾಲಯಗಳು, ಇದೇ ಪಳಗಿದ ಕೈಗಳು. ಇಂದು ಕಟ್ಟಿಕೊಳ್ಳದಿದ್ದರೆ ಆಗ ಮತ್ತೆ ವಿದೇಶದ ಬೆಲೆಯನ್ನೇ ತೆರಬೇಕಾಗುತ್ತದೆ. ಹಾಗಿದ್ದರೂ ಹತ್ತಾರು ಲಕ್ಷ ರೂಪಾಯಿಯ ಬೆಲೆ ಎಂದರೆ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುವ ಆಯುಷ್ಮಾನ್ ಭಾರತ್ ಯೋಜನೆಗೂ ಎಟುಕದ್ದು. ಬೆಲೆಯೊಂದೇ ಅಡ್ಡಿಯಲ್ಲ: ಕೋಶಗಳನ್ನು ಕೊಟ್ಟ ಮೇಲೆ ಮೈಯ ರೋಗನಿರೋಧಕ ವ್ಯವಸ್ಥೆಯೇ ಕೆರಳಿ ಜೀವಕ್ಕೆ ಎರವಾಗಬಹುದು. ಅದನ್ನು ನಿಭಾಯಿಸಬಲ್ಲ ತೀವ್ರ ನಿಗಾ ಘಟಕ, ನುರಿತ ವೈದ್ಯರು ಇರುವುದು ದೊಡ್ಡ ನಗರಗಳಲ್ಲಿ. ಬೀದರಿನ ರೋಗಿ ಅಲ್ಲಿಗೆ ತಲುಪುವಷ್ಟರಲ್ಲಿ ತಡವಾಗಿರಬಹುದು. ಬೆಲೆಯ ವಿಷಯಕ್ಕೆ ಬಂದರೆ, ಇಟಲಿಯಲ್ಲಿ ಸರ್ಕಾರ 2019ರಲ್ಲಿ ಕಾರ್-ಟಿಗೆ ಕಂತುಗಳಲ್ಲಿ, ಚಿಕಿತ್ಸೆ ಫಲ ಕೊಟ್ಟರೆ ಮಾತ್ರ ಮುಂದಿನ ಹಣ ಎಂಬ ಷರತ್ತಿನ ಮೇಲೆ ಪಾವತಿಸುವ ಒಪ್ಪಂದ ಮಾಡಿಕೊಂಡಿತು. ನಮ್ಮ ಸರ್ಕಾರಗಳೂ ಒಟ್ಟಾಗಿ ಖರೀದಿಸಿ ಇಂಥ ಒಪ್ಪಂದ ಮಾಡಿಕೊಳ್ಳಬೇಕು. ಜಿಲ್ಲಾಸ್ಪತ್ರೆಯ ವೈದ್ಯರಿಗೆ ಇಂಥ ರೋಗಿಯನ್ನು ಯಾವಾಗ, ಎಲ್ಲಿಗೆ ಕಳಿಸಬೇಕೆಂದು ಕಲಿಸುವುದನ್ನು ಅದರ ಜೊತೆಗೇ ಶುರುಮಾಡಬೇಕು.