ಕಾಲೇಜು ಆವರಣದಲ್ಲಿ ಬರ ಸಹಿಷ್ಣು ಔಷಧೀಯ ಸಸ್ಯವನ: ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಭಾಗದ ಅರ್ಜಿದಾರರಿಗೆ ಮಾಹಿತಿ

ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಕಾಲೇಜು ಹಾಗೂ ವಿಶ್ವವಿದ್ಯಾಲಯ ಆವರಣಗಳಲ್ಲಿ ಔಷಧೀಯ ಸಸ್ಯವನ ನಿರ್ಮಿಸಲು ಸಸಿಗಳನ್ನು ಕೋರುವ ಸಂಸ್ಥೆಗಳ ಮಾಹಿತಿಗಾಗಿ ಈ ಟಿಪ್ಪಣಿಯನ್ನು ಪ್ರಕಟಿಸಲಾಗಿದೆ. ಸಾಮಾನ್ಯವಾಗಿ ಅರ್ಜಿದಾರರು ಮೊದಲು ಸಸಿಗಳ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಈ ಭಾಗದಲ್ಲಿ ಮೊದಲು ನೋಡತಕ್ಕದ್ದು ಮಣ್ಣನ್ನು.

ಮಣ್ಣು ಪರೀಕ್ಷೆ

ಚಿನ್ನದ ಗಣಿಗಳು 28.02.2001 ರಂದು ಮುಚ್ಚಲ್ಪಟ್ಟರೂ, ಅದಿರಿನಿಂದ ಚಿನ್ನ ತೆಗೆದ ನಂತರ ಉಳಿದ ಪುಡಿಯ ದಿಬ್ಬಗಳು ಊರಿನ ನಡುವೆಯೇ ಇವೆ. ಜನರು ಇವನ್ನು ಸಯನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಸಯನೈಡ್ ಬಿಸಿಲು ಗಾಳಿಗೆ ಕ್ರಮೇಣ ವಿಘಟನೆಗೊಳ್ಳುತ್ತದೆ. ಅದಿರಿನಲ್ಲಿದ್ದ ಆರ್ಸೆನಿಕ್ ಹಾಗೆ ನಾಶವಾಗುವುದಿಲ್ಲ. ಬೇಸಿಗೆಯಲ್ಲಿ ಈ ಪುಡಿ ಗಾಳಿಯೊಡನೆ ಹಾರಿ ಸುತ್ತಲಿನ ನೆಲಕ್ಕೆ ಬೀಳುತ್ತದೆ. ಮರಳಿನಂತೆ ಕಾಣುವುದರಿಂದ ತಗ್ಗು ತುಂಬಲು ಇದನ್ನು ತರಬೇಕೆನಿಸಬಹುದು. ಯಾವುದೇ ಕಾರಣಕ್ಕೂ ತರಬಾರದು.

ಕೇವಲ ಸಸ್ಯಮೂಲದ ಆಯುರ್ವೇದ ಔಷಧಗಳಲ್ಲಿ ಆರ್ಸೆನಿಕ್ ಪ್ರಮಾಣವು 10 ಲಕ್ಷ ಭಾಗಕ್ಕೆ 3 ಭಾಗ ಹಾಗೂ ಸೀಸದ ಪ್ರಮಾಣವು 10 ಭಾಗ ಮೀರುವಂತಿಲ್ಲ. ಸಸ್ಯಗಳು ಬೇರಿನ ಮೂಲಕ ಇಂತಹ ಧಾತುಗಳನ್ನು ಹೀರಬಲ್ಲವು. ಆದರೆ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಆರ್ಸೆನಿಕ್ ಆಗಲಿ ಸೀಸವಾಗಲಿ ಸೇರಿಲ್ಲ. ಚೀಟಿಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ಸಮಾಧಾನಪಡುವಂತಿಲ್ಲ. ಭಾರಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೋರತಕ್ಕದ್ದು. ವರದಿ ಬರುವವರೆಗೆ ವನದ ಎಲೆ, ಬೇರುಗಳನ್ನು ಕಷಾಯಕ್ಕೆ ಬಳಸಲು ವಿದ್ಯಾರ್ಥಿಗಳಿಗೆ ಅವಕಾಶ ನೀಡಬಾರದು.

ನೀರು

ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ವಾರ್ಷಿಕ ಮಳೆ 700 ಮಿ.ಮೀ. ಆಸುಪಾಸು; ಅದರ ಬಹುಪಾಲು ಆಗಸ್ಟ್‌ನಿಂದ ಅಕ್ಟೋಬರ್ ವೇಳೆಗೆ ಬೀಳುತ್ತದೆ. 100 ಚದರ ಮೀಟರ್ ಛಾವಣಿಯ ಮೇಲೆ ಇಷ್ಟು ಮಳೆ ಬಿದ್ದರೆ 70,000 ಲೀಟರ್ ನೀರಾಗುತ್ತದೆ. ಐದನೆಯ ಒಂದು ಭಾಗ ನಷ್ಟವಾದರೂ 56,000 ಲೀಟರ್ ದೊರೆಯುತ್ತದೆ. ಆದುದರಿಂದ ಕಟ್ಟಡದ ಇಳಿಜಾರಿನ ಕೆಳಗಿನ ಜಾಗವನ್ನು ಆಯ್ದು, ಇಳಿಜಾರಿಗೆ ಅಡ್ಡಲಾಗಿ ಕಂದಕ ತೆಗೆದು, ಬುಡಗಳಿಗೆ ಒಣ ಎಲೆ ಹೊದಿಸುವುದು ಸೂಕ್ತ.

ಸಸ್ಯಗಳ ಆಯ್ಕೆ

ಬೇಲಿಯುದ್ದಕ್ಕೂ ಆಡುಸೋಗೆ, ಲಕ್ಕಿ, ತಂಗಡಿ ನೆಡಬಹುದು. ಮೇಕೆಗಳು ಇವನ್ನು ಸಾಮಾನ್ಯವಾಗಿ ಮೇಯುವುದಿಲ್ಲ (ಬೇಲಿ ದುರ್ಬಲವಿರುವ ಆವರಣಗಳಿಗೆ ಇದು ಸಣ್ಣ ಅನುಕೂಲವೇನಲ್ಲ). ಒಳಗೆ ಬೇವು, ನೆಲ್ಲಿ. ಬೇವಿಗೆ ಹಬ್ಬಿಸಲು ಅಮೃತಬಳ್ಳಿ. ಜಲ್ಲಿ ನೆಲಕ್ಕೆ ಲೋಳೆಸರ, ಮಂಗರವಳ್ಳಿ. ಅಶ್ವಗಂಧವನ್ನು ಮಳೆಗಾಲದಲ್ಲಿ ಬೀಜದಿಂದ ಬೆಳೆಸಬಹುದು. ಒಂದೆಲಗ ಮತ್ತು ಬಜೆಗೆ ಸದಾ ತೇವ ಬೇಕು. ಕುಡಿಯುವ ನೀರಿನ ನಲ್ಲಿಯ ಬಳಿ ಜಾಗವಿದ್ದರೆ ಮಾತ್ರ ಇವನ್ನು ಕೋರತಕ್ಕದ್ದು.

ಅರ್ಜಿ

ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಾರ್ವಜನಿಕರಿಗೆ ಸಸಿಗಳನ್ನು ರಿಯಾಯಿತಿ ದರದಲ್ಲಿ ವಿತರಿಸಲಾಗುತ್ತದೆ. ದರವು ಚೀಲದ ಅಳತೆಯನ್ನು ಅವಲಂಬಿಸಿರುತ್ತದೆ. ಜಾಗದ ನಕ್ಷೆ, ನೀರಿನ ಮೂಲದ ವಿವರ, ಭಾರಲೋಹ ಪರೀಕ್ಷಾ ವರದಿಯ ಪ್ರತಿ ಮತ್ತು ಬೇಸಿಗೆ ರಜೆಯಲ್ಲಿ ನೀರುಣಿಸುವ ಹೊಣೆ ಹೊತ್ತವರ ಹುದ್ದೆಯನ್ನು ನಮೂದಿಸಿ, ಮಳೆಗಾಲಕ್ಕೆ ಸಾಕಷ್ಟು ಮುಂಚಿತವಾಗಿ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.